ತನ್ನವರನ್ನೇ ತುಳಿದ ಆನೆ

ಚದುರಂಗದ ಹಾಸಿನ ಮೇಲೆ ಆನೆ ತನ್ನ ಕಾಲಾಳನ್ನು ತುಳಿಯುವುದಿಲ್ಲ. ಕಾಲಾಳು ಅಡ್ಡ ನಿಂತರೆ ಆನೆಯೇ ನಿಲ್ಲಬೇಕು. ಆದರೆ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ದಾಳದ ಆಟದಲ್ಲಿ ಈ ಅಭಯವಿಲ್ಲ. ಮಾಂತ್ರಿಕನೊಬ್ಬ ಬೆಂಕಿಯುಂಡೆ ಎಸೆದರೆ ಅದರ ವ್ಯಾಪ್ತಿಯೊಳಗಿದ್ದ ಶತ್ರುವೂ ಸುಡುತ್ತಾನೆ, ಸಂಗಾತಿಯೂ ಸುಡುತ್ತಾನೆ. ಮುಂಬ್ರಾದ ನಮ್ಮ ಮನೆಯಲ್ಲಿ ಮಕ್ಕಳು ಈ ಆಟವಾಡುತ್ತ "ನಮ್ಮವನಿಗೇಕೆ ಪೆಟ್ಟು?" ಎಂದು ಜಗಳಕ್ಕೆ ನಿಂತಾಗ, ಈ ಪ್ರಶ್ನೆ ಎಷ್ಟು ಹಳೆಯದೆಂದು ಯೋಚಿಸತೊಡಗಿದೆ.

ಇಲ್ಲಿನ ಪಾರ್ಸಿಕ್ ಗುಡ್ಡದ ಬದಿಯ ಠಾಣೆ ಖಾರಿ ದಕ್ಷಿಣಕ್ಕೆ ಹರಿದು ಮುಂಬಯಿ ಬಂದರನ್ನು ಸೇರುತ್ತದೆ. ಅಲ್ಲಿಯೇ ಘಾರಾಪುರಿ ದ್ವೀಪವಿದೆ. ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರ ಪುರಿಯನ್ನು ಮುತ್ತಿದ್ದನ್ನು ರವಿಕೀರ್ತಿ 634ರ ಐಹೊಳೆ ಶಾಸನದಲ್ಲಿ ವರ್ಣಿಸಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂಬುದು ಕೆಲವು ವಿದ್ವಾಂಸರ ಮತ. ಪುಲಕೇಶಿಯ ನೂರಾರು ಹಡಗುಗಳು ಕವಿಯ ಕಣ್ಣಿಗೆ ಮದವೇರಿದ ಆನೆಗಳಂತೆ ಕಂಡವು. ಸಮುದ್ರದ ಯುದ್ಧವನ್ನು ಹೇಳುವಾಗಲೂ ಅವನಿಗೆ ಹೊಳೆದದ್ದು ಆನೆಯೇ, ಅದೂ ಮದ್ದಾನೆಯೇ.

ಇದು ಬರಿಯ ಅಲಂಕಾರವಲ್ಲ. ಕೆಲವೇ ವರ್ಷಗಳ ಅನಂತರ ಪುಲಕೇಶಿಯ ನಾಡಿಗೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಈ ರಾಜನ ಬಳಿ ನೂರಾರು ಆನೆಗಳಿದ್ದುವೆಂದೂ ಕಾಳಗಕ್ಕೆ ಮುನ್ನ ಅವುಗಳಿಗೆ ಮದ್ಯ ಕುಡಿಸುತ್ತಿದ್ದರೆಂದೂ ಬರೆದಿದ್ದಾನೆ. ಯೋಧರೂ ಕುಡಿಯುತ್ತಿದ್ದರು. ಅಮಲೇರಿದ ಆ ಹಿಂಡು ಎದುರಿಗೆ ಬಂದುದನ್ನೆಲ್ಲ ತುಳಿಯುತ್ತ ನುಗ್ಗುತ್ತಿತ್ತು, ಅದರ ಮುಂದೆ ನಿಲ್ಲುವವರಿರಲಿಲ್ಲ. ಯಾತ್ರಿಕ ಮೆಚ್ಚಿ ಹೇಳಿದ ಈ ಮಾತಿನಲ್ಲಿಯೇ ಅಪಾಯವೂ ಅಡಗಿದೆ. ಎದುರಿಗೆ ಬಂದುದನ್ನೆಲ್ಲ ತುಳಿಯುವ ಪ್ರಾಣಿಗೆ ಎದುರಿರುವವನು ಯಾರ ಕಡೆಯವನೆಂಬ ವಿವೇಕವಿರದು. ಅದು ಹಿಂದಿರುಗಿದರೆ ಎದುರಾಗುವವರು ತನ್ನವರೇ.

ಹಾಗೆ ಹಿಂದಿರುಗಿದ ನಿದರ್ಶನಗಳು ಇತಿಹಾಸದಲ್ಲಿವೆ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪೋರಸನ ಆನೆಗಳು ಇಕ್ಕಟ್ಟಿಗೆ ಸಿಕ್ಕಿ, ಗಾಯಗೊಂಡು, ಮಾವುತರನ್ನು ಕಳೆದುಕೊಂಡು, ಶತ್ರುಗಳಂತೆ ಸ್ವಪಕ್ಷದವರನ್ನೂ ತುಳಿದವೆಂದು ಗ್ರೀಕ್ ಇತಿಹಾಸಕಾರ ಏರಿಯನ್ ತಿಳಿಸುತ್ತಾನೆ. ಕ್ರಿ.ಪೂ. 207ರಲ್ಲಿ ಇಟಲಿಯ ಮೆಟೌರಸ್ ನದಿಯ ಬಳಿ ಕಾರ್ಥೇಜಿನವರು ರೋಮನರೊಡನೆ ಕಾದಿದಾಗ ಮಾವುತರ ಕೈಯಲ್ಲಿ ಉಳಿ, ಸುತ್ತಿಗೆಗಳಿದ್ದುವು. ಆನೆ ತಮ್ಮವರ ಮೇಲೆ ತಿರುಗಿದರೆ ಅದರ ಕತ್ತಿನ ಸಂದಿಗೆ ಉಳಿಯನ್ನಿಟ್ಟು ಹೊಡೆದು ಕೊಲ್ಲಬೇಕು. ಅಂದು ಶತ್ರುಗಳಿಂದ ಸತ್ತ ಆನೆಗಳಿಗಿಂತ ಮಾವುತರಿಂದ ಸತ್ತ ಆನೆಗಳೇ ಹೆಚ್ಚೆಂದು ಲಿವಿ ಬರೆದಿದ್ದಾನೆ. ಸಾಕಿದ ಕೈಯಲ್ಲಿಯೇ ಕೊಲ್ಲುವ ಉಳಿಯನ್ನೂ ಇಟ್ಟವರು ಈ ಅಪಾಯವನ್ನು ಆಕಸ್ಮಿಕವೆಂದು ಬಗೆದಿರಲಿಲ್ಲ, ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವೂ ವ್ಯೂಹದಲ್ಲಿ ಕಾಲಾಳುಗಳ ನಡುವೆ ಬಿಡುವುದಕ್ಕಿಂತ ಹೆಚ್ಚಿನ ಅಂತರವನ್ನು ಆನೆಗಳಿಗೆ ವಿಧಿಸುತ್ತದೆ.

ಆದರೆ ಲೆಕ್ಕಕ್ಕೆ ಸಿಕ್ಕದ್ದು ಸ್ಮರಣೆಗೆ ಸಿಗಲಿಲ್ಲ. ಪ್ರಶಸ್ತಿ ಶಾಸನ ರಾಜನ ಗೆಲುವನ್ನು ಹಾಡುತ್ತದೆ. ಐಹೊಳೆಯ ಕವಿ ಯುದ್ಧದಲ್ಲಿ ಬಿದ್ದ ಹರ್ಷನ ಆನೆಗಳನ್ನು ನೆನೆಯುತ್ತಾನೆ, ಪುಲಕೇಶಿಯ ಆನೆಗಳ ಕಾಲಡಿಯಲ್ಲಿದ್ದವರನ್ನಲ್ಲ. ವೀರಗಲ್ಲು ಇನ್ನೂ ಉದಾರವಾದುದು, ಸಾಮಾನ್ಯ ಭಟನಿಗೂ ಅದು ಸ್ವರ್ಗವನ್ನು ಕೊಡುತ್ತದೆ. ನಮ್ಮೂರಿಗೆ ದೂರವಲ್ಲದ ಬೋರಿವಲಿಯ ಎಕ್ಸರ್‌ನಲ್ಲಿ ಹಡಗುಗಳ ಕಾಳಗವನ್ನು ಕೆತ್ತಿದ ವೀರಗಲ್ಲುಗಳಿವೆ. ಕೆಳಗೆ ಕದನ, ಅದರ ಮೇಲೆ ಅಪ್ಸರೆಯರು, ತುದಿಯಲ್ಲಿ ದೇವಲೋಕ: ಇದು ಕನ್ನಡನಾಡಿನ ವೀರಗಲ್ಲುಗಳಲ್ಲಿಯೂ ಪರಿಚಿತವಾದ ಕ್ರಮ. ಆ ಕೆಳಗಿನ ಪಟ್ಟಿಕೆಗೆ ಎದುರಾಳಿ ಬೇಕು. ತನ್ನ ದೊರೆಯ ಆನೆಯ ಕಾಲಿಗೆ ಸಿಕ್ಕಿ ಸತ್ತವನಿಗೆ ತೋರಿಸಲು ಎದುರಾಳಿಯೇ ಇಲ್ಲ. ಅವನೂ ಅದೇ ಅನ್ನವುಂಡು, ಅದೇ ದೊರೆಗಾಗಿ ನಿಂತವನು. ಸತ್ತ ಬಗೆಯೊಂದರಿಂದಲೇ ಅವನು ಕಲ್ಲಿನಿಂದ ಹೊರಗಾದ.

ಈ ದೃಷ್ಟಿಯಿಂದ ನೋಡಿದರೆ, ಸೈನ್ಯದ ನಾಲ್ಕು ಅಂಗಗಳಿಂದ ಹೆಸರು ಪಡೆದ ಚದುರಂಗವೂ ಪ್ರಶಸ್ತಿ ಶಾಸನದಂತೆಯೇ ಸುಳ್ಳಾಡುತ್ತದೆ. ಮಕ್ಕಳಿಗೆ ಅನ್ಯಾಯವೆನಿಸಿದ ಆ ದಾಳದ ನಿಯಮ ನಿಜಕ್ಕೆ ಹತ್ತಿರವಾಗಿದೆ. ಮಾಂತ್ರಿಕನಾಡುವ ಹುಡುಗ ಎಸೆಯುವ ಮೊದಲು ಒಂದು ಗಳಿಗೆ ತಡೆದು, ಆ ವರ್ತುಲದೊಳಗೆ ಯಾರಿದ್ದಾರೆಂದು ಎಣಿಸಬೇಕಾಗುತ್ತದೆ. ಮದ್ಯ ಕುಡಿಸಿ ಆನೆಯನ್ನು ಬಿಟ್ಟವರು ಆ ಎಣಿಕೆಯನ್ನು ಕಾಲಾಳಿನ ತಲೆಗೇ ಬಿಟ್ಟಿದ್ದರು.