ಟ್ರ್ಯಾಕ್ಟರ್ ಆಡಿಯೊ ವ್ಯವಸ್ಥೆ: ಬ್ಯಾಟರಿ ಸಂಪರ್ಕ ಮತ್ತು ಫ್ಯೂಸ್ ರಕ್ಷಣೆ

ಬನಶಂಕರಿ, ಪದ್ಮನಾಭನಗರದ ಬಡಾವಣೆಗಳಿಗೆ ನೀರಿನ ಟ್ಯಾಂಕರ್ ಎಳೆದು ತರುವ ಟ್ರ್ಯಾಕ್ಟರ್‌ಗಳಲ್ಲಿಯೂ ಕನಕಪುರ ರಸ್ತೆಯಲ್ಲಿ ಹುಲ್ಲು ಹೇರಿಕೊಂಡು ಸಾಗುವ ಟ್ರ್ಯಾಕ್ಟರ್‌ಗಳಲ್ಲಿಯೂ ಹಾಡು ಕೇಳಿಬರುವುದು ಈಗ ಸಾಮಾನ್ಯ. ಮಡ್‌ಗಾರ್ಡ್ ಮೇಲೆ ಸ್ಪೀಕರ್ ಪೆಟ್ಟಿಗೆ, ಆಸನದ ಬಳಿ ಆಂಪ್ಲಿಫೈಯರ್. ಇವುಗಳಲ್ಲಿ ಬಹುಪಾಲು ಟ್ರ್ಯಾಕ್ಟರ್ ಕೊಂಡ ಅನಂತರ ಜೋಡಿಸಿದವು. 12 ವೋಲ್ಟ್ ಬ್ಯಾಟರಿಯಿಂದ ಶಾಕ್ ಹೊಡೆಯುವುದಿಲ್ಲವೆಂಬ ಧೈರ್ಯದಿಂದ ಸಿಕ್ಕಿದ ವೈರನ್ನು ನೇರವಾಗಿ ಬ್ಯಾಟರಿಗೆ ಸಿಕ್ಕಿಸುವುದುಂಟು. ಶಾಕ್ ಹೊಡೆಯುವುದಿಲ್ಲವೆಂಬುದು ನಿಜ. ಬೆಂಕಿ ಹತ್ತುವುದಿಲ್ಲವೆಂಬುದು ನಿಜವಲ್ಲ.

ಟ್ರ್ಯಾಕ್ಟರ್ ಬ್ಯಾಟರಿಯು ಸ್ಟಾರ್ಟರ್ ಮೋಟಾರನ್ನು ತಿರುಗಿಸಲು ಒಮ್ಮೆಲೇ ನೂರಾರು ಆಂಪಿಯರ್ ನೀಡಬಲ್ಲದು. ವೈರಿನ ಹೊದಿಕೆ ಕಬ್ಬಿಣದ ಅಂಚಿಗೆ ಉಜ್ಜಿ ಹರಿದು ತಾಮ್ರವು ಚಾಸಿಗೆ ತಗುಲಿದರೆ ಅಷ್ಟೂ ಪ್ರವಾಹ ಆ ತೆಳು ವೈರಿನಲ್ಲಿಯೇ ಹರಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಹೊದಿಕೆ ಕರಗಿ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಡೀಸೆಲ್ ಪೈಪು, ಹಿಂದೆ ರಾಗಿ ಹುಲ್ಲಿನ ಲೋಡು ಇರುವಾಗ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಆಂಪ್ಲಿಫೈಯರ್‌ನಲ್ಲಿಯೇ ಫ್ಯೂಸ್ ಇದೆಯಲ್ಲ ಎಂದು ಅನೇಕ ರೈತರು ಕೇಳುತ್ತಾರೆ. ಆ ಫ್ಯೂಸ್ ಉಪಕರಣಕ್ಕೆ ಸಂಬಂಧಿಸಿದ್ದು. ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರನ್ನು ಅದು ಕಾಯುವುದಿಲ್ಲ. ಆದ್ದರಿಂದ ಮುಖ್ಯ ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಎಷ್ಟು ಸಮೀಪ ಸಾಧ್ಯವೋ ಅಷ್ಟು ಸಮೀಪ ಅಳವಡಿಸಬೇಕು. ಇಂಥದೇ ತೇವ ಮತ್ತು ಅದುರುವಿಕೆಯಲ್ಲಿ ದುಡಿಯುವ ದೋಣಿಗಳ ವೈರಿಂಗ್‌ಗೆ ಅಮೆರಿಕದಲ್ಲಿ ಬಳಸುವ ಮಾನದಂಡದ ಮೂಲ ನಿಯಮ 7 ಅಂಗುಲ, ಅಂದರೆ ಸುಮಾರು 18 ಸೆಂ.ಮೀ. ಕೆಸರು ಗದ್ದೆಯಲ್ಲಿ ಇಳಿಯುವ ಟ್ರ್ಯಾಕ್ಟರಿಗೂ ಇದೇ ಅಳತೆ ಒಳ್ಳೆಯದು.

ಫ್ಯೂಸಿನ ಪ್ರಮಾಣವು ಉಪಕರಣ ಎಳೆಯುವ ಪ್ರವಾಹಕ್ಕಿಂತ ಸ್ವಲ್ಪ ಹೆಚ್ಚು, ವೈರಿನ ಸಾಮರ್ಥ್ಯಕ್ಕಿಂತ ಕಡಿಮೆ ಇರತಕ್ಕದ್ದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವ್ಯಾಟ್ ಸಂಖ್ಯೆಯನ್ನು ನಂಬಬಾರದು; ಕೈಪಿಡಿಯಲ್ಲಿರುವ ಆರ್‌ಎಂಎಸ್ ವ್ಯಾಟ್ ನೋಡಬೇಕು. ನಾಲ್ಕು ಸ್ಪೀಕರಿಗೆ ತಲಾ 50 ವ್ಯಾಟಿನಂತೆ ಒಟ್ಟು 200 ವ್ಯಾಟ್ ನೀಡುವ ಸಾಮಾನ್ಯ ಆಂಪ್ಲಿಫೈಯರ್ ಬ್ಯಾಟರಿಯಿಂದ ಸುಮಾರು 360 ವ್ಯಾಟ್ ಎಳೆಯಬಹುದು. ಅದನ್ನು 12ರಿಂದ ಭಾಗಿಸಿದರೆ 30 ಆಂಪಿಯರ್. ಇದಕ್ಕೆ 40 ಆಂಪಿಯರ್ ಫ್ಯೂಸ್ ಹಾಗೂ 10 ಚದರ ಮಿ.ಮೀ. ತಾಮ್ರದ ವೈರ್ ಸೂಕ್ತ.

ಇಷ್ಟು ದಪ್ಪ ಏಕೆ? ಕೆಲವು ಮಾದರಿಗಳಲ್ಲಿ ಬ್ಯಾಟರಿಯು ರೇಡಿಯೇಟರಿನ ಮುಂದೆ ಇರುವುದರಿಂದ ಆಸನದವರೆಗೆ 3 ಮೀಟರ್ ಬೇಕಾಗುತ್ತದೆ. ಹೋಗಿಬರುವ ದಾರಿ ಸೇರಿ 6 ಮೀಟರ್. 30 ಆಂಪಿಯರ್ ಹರಿದಾಗ 10 ಚದರ ಮಿ.ಮೀ. ವೈರಿನಲ್ಲಿ ಸುಮಾರು 0.3 ವೋಲ್ಟ್ ಕುಸಿಯುತ್ತದೆ. ಮನೆಯ ವೈರಿಂಗ್‌ನಿಂದ ಉಳಿದ 2.5 ಚದರ ಮಿ.ಮೀ. ವೈರಿನಲ್ಲಾದರೆ 1.2 ವೋಲ್ಟ್. ಹಾಡು ಒಡೆದು ಕೇಳಿಸುತ್ತದೆ; ಕಳೆದುಹೋದ ಸುಮಾರು 37 ವ್ಯಾಟ್ ವೈರನ್ನೇ ಕಾಯಿಸುತ್ತದೆ. ಅಗ್ಗದ ಕಿಟ್‌ಗಳಲ್ಲಿ ತಾಮ್ರ ಲೇಪಿತ ಅಲ್ಯುಮಿನಿಯಂ ವೈರ್ ಇರುವುದುಂಟು. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಕೊಳ್ಳಬೇಡಿ. ಅದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟು.

ಜೋಡಿಸುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು; ಕೊನೆಯಲ್ಲಿ ಅದನ್ನೇ ಹಾಕಬೇಕು. ವೈರನ್ನು ಸೈಲೆನ್ಸರ್ ಮತ್ತು ಫ್ಯಾನ್‌ನಿಂದ ದೂರವಿರಿಸಿ, ತಗಡಿನ ರಂಧ್ರ ದಾಟುವಲ್ಲಿ ರಬ್ಬರ್ ಬುಷ್ ಹಾಕಿ, ಅಡಿಗೊಂದರಂತೆ ಕಟ್ಟಬೇಕು. ತುದಿಗೆ ಲಗ್ ಹಾಕಿ ಇಕ್ಕಳದಿಂದಲ್ಲ, ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಿಸಬೇಕು. ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಟ್ರ್ಯಾಕ್ಟರಿನ ಅದುರುವಿಕೆಗೆ ಒಂದು ಹಂಗಾಮು ಬಾಳುವುದಿಲ್ಲ. ಋಣ ವೈರನ್ನೂ ಚಾಸಿಗೆ ಬಿಗಿಯದೆ ಬ್ಯಾಟರಿಗೇ ಒಯ್ಯುವುದು ಮೇಲು. ಬಣ್ಣ, ತುಕ್ಕು, ಒಣಗಿದ ಕೆಸರು ಸಂಪರ್ಕವನ್ನು ಕೆಡಿಸುತ್ತವೆ. ಮನೆಯ ಎಂಸಿಬಿಯನ್ನು ಇಲ್ಲಿ ಬಳಸಬಾರದು. ಎಸಿ ಪ್ರವಾಹ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿ ಪ್ರವಾಹದಲ್ಲಿ ಹಾಗಾಗದು.

ಆಂಪ್ಲಿಫೈಯರ್ ಇಲ್ಲದೆ ಕೇವಲ ಸ್ಟೀರಿಯೊ ಇದ್ದಲ್ಲಿ 10 ಅಥವಾ 15 ಆಂಪಿಯರ್ ಫ್ಯೂಸ್ ಸಾಕು. ಬ್ಲೇಡ್ ಫ್ಯೂಸುಗಳಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಸ್ಟೀರಿಯೊದ ಹಳದಿ ವೈರ್ ಸಾಮಾನ್ಯವಾಗಿ ಫ್ಯೂಸ್ ಮೂಲಕ ಬ್ಯಾಟರಿಗೆ, ಕೆಂಪು ವೈರ್ ಕೀಲಿಯ ಮೂಲಕ, ಕಪ್ಪು ವೈರ್ ಋಣಕ್ಕೆ. ಹಳದಿ ಮತ್ತು ಕೆಂಪನ್ನು ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಟ್ಟರೆ, ಸ್ಟೀರಿಯೊ ಆರಿಸಲು ಮರೆತ ರಾತ್ರಿ ಬ್ಯಾಟರಿ ಬರಿದಾಗುತ್ತದೆ.

ಗಣೇಶ ವಿಸರ್ಜನೆಗೆ ಟ್ರ್ಯಾಕ್ಟರ್ ಕೊಡುವವರು ಇನ್ನೊಂದು ಲೆಕ್ಕ ಗಮನಿಸಬೇಕು. ಎಂಜಿನ್ ನಿಲ್ಲಿಸಿ ಸರಾಸರಿ 10 ಆಂಪಿಯರ್ ಎಳೆದರೆ 75 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ಗಂಟೆಯೊಳಗೆ ಅರ್ಧ ಖಾಲಿಯಾಗುತ್ತದೆ. ಹಳೆಯ ಬ್ಯಾಟರಿಯಾದರೆ ಆ ಬಳಿಕ ಟ್ರ್ಯಾಕ್ಟರನ್ನು ತಳ್ಳಬೇಕಾದೀತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವಿದೆ ಎಂಬುದನ್ನೂ ನೆನಪಿಡಬೇಕು.

ಫ್ಯೂಸ್ ಹೋದರೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು, ದೊಡ್ಡ ಫ್ಯೂಸ್ ಹಾಕುವುದು ಸಲ್ಲದು. ಮೊದಲು ಉಜ್ಜಿದ ವೈರ್ ಹುಡುಕಿ ಸರಿಪಡಿಸಿ, ಅದೇ ಪ್ರಮಾಣದ ಫ್ಯೂಸ್ ಹಾಕಬೇಕು. ಹೊಸ ಜೋಡಣೆಯ ನಂತರ ಅರ್ಧ ಗಂಟೆ ಹಾಡು ನುಡಿಸಿ, ಫ್ಯೂಸ್ ಹೋಲ್ಡರ್ ಹಾಗೂ ಲಗ್‌ಗಳನ್ನು ಮುಟ್ಟಿ ನೋಡಿ. ಕೈಗೆ ಬಿಸಿ ತಗುಲಿದರೆ ಅಲ್ಲಿ ಸಂಪರ್ಕ ಸಡಿಲವಿದೆ. ಹುಲ್ಲು ಹೇರುವ ಮುನ್ನ ಅದನ್ನು ಬಿಚ್ಚಿ ಮತ್ತೆ ಜೋಡಿಸಿರಿ.