ಬೇಸಿಗೆ ರಜೆ ಮತ್ತು ಹಪ್ಪಳ–ಸಂಡಿಗೆ

ಕರ್ನಾಟಕದಲ್ಲಿ ಏಪ್ರಿಲ್–ಮೇ ತಿಂಗಳ ಶಾಲಾ ರಜೆಯು ಮಳೆಗಾಲಕ್ಕೆಂದು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಕೂಡಿಡುವ ಕಾಲವೂ ಹೌದು. ಹೀಗಾಗಿ ಅಜ್ಜಿಯ ಮನೆಗೆ ಬಂದ ಮಕ್ಕಳು ಈ ಕೆಲಸಕ್ಕೆ ಒದಗುತ್ತಿದ್ದರು.

ಹಿಂದೆ ಅಜ್ಜಿಯ ಮನೆಯ ಪ್ರಯಾಣಕ್ಕೆ ಎತ್ತಿನ ಗಾಡಿಯೇ ಗತಿಯಾಗಿತ್ತು. 1864ರಲ್ಲಿ ಬೆಂಗಳೂರು ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೆ ಜೋಲಾರಪೇಟೆಯಿಂದ ರೈಲು ಬಂತು. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ಮಾರ್ಗ ತೆರೆಯಿತು. 1948ರಲ್ಲಿ ಮೈಸೂರು ಸರ್ಕಾರ ಬಸ್ ಸೇವೆ ಆರಂಭಿಸಿದ ಮೇಲೆ ರೈಲಿಲ್ಲದ ಊರುಗಳೂ ಹತ್ತಿರವಾದವು.

ಇನ್ನು ಅಜ್ಜಿಯ ಮನೆಯ ಕೆಲಸಕ್ಕೆ ಬಂದರೆ, ಅಕ್ಕಿ ಸಂಡಿಗೆಗೆ ನೆನೆಸಿದ ಅಕ್ಕಿಯನ್ನು ರುಬ್ಬಿ, ಉಪ್ಪು, ಜೀರಿಗೆ, ಹಸಿಮೆಣಸು ಬೆರೆಸಿ ಗಂಜಿಯಂತೆ ಕಾಯಿಸುತ್ತಾರೆ. ಬೆಳಗ್ಗೆಯೇ ಹಳೆಯ ಪಂಚೆಯ ಮೇಲೆ ಚಮಚದಿಂದ ಇಟ್ಟು ಬಿಸಿಲಿಗೆ ಹರಡುತ್ತಾರೆ. ಒಣಗಿದ ಮೇಲೆ ಬಟ್ಟೆಯ ಹಿಂಬದಿಗೆ ನೀರು ಚಿಮುಕಿಸಿ ಬಿಡಿಸುತ್ತಾರೆ. ಮಲೆನಾಡು, ಕರಾವಳಿಗಳಲ್ಲಿ ಹಲಸಿನ ಹಪ್ಪಳ ಮುಖ್ಯ. ಬಲಿತ ಕಾಯಿಯ ತೊಳೆಗಳನ್ನು ಹಬೆಯಲ್ಲಿ ಬೇಯಿಸಿ, ಒರಳಲ್ಲಿ ಕುಟ್ಟಿ, ಉಂಡೆ ಮಾಡಿ, ಮಣೆಯಿಂದ ಒತ್ತಿ ಚಾಪೆಯ ಮೇಲೆ ಒಣಗಿಸುವುದು ವಾಡಿಕೆ. ಉಂಡೆ ಕಟ್ಟುವುದು, ಒತ್ತಿದ್ದನ್ನು ಅಂಗಳಕ್ಕೆ ಸಾಗಿಸುವುದು, ಕಾಗೆ ಓಡಿಸುವುದು ಮಕ್ಕಳ ಪಾಲು. ಹಸಿ ಹಿಟ್ಟು ಮತ್ತು ಅರೆ ಒಣಗಿದ ಸಂಡಿಗೆ ಅವರ ಕೂಲಿ.

ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಪಂಚೆ, ಚಾಪೆಗಳು ಹಿಂದೆ ಸರಿದವು. ನಗರಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಅಂಗಳವಿಲ್ಲ. ಮಕ್ಕಳ ರಜೆ ಬೇಸಿಗೆ ಶಿಬಿರಗಳಿಗೂ ಹಂಚಿಹೋಗಿದೆ. ಮನೆಯ ಈ ಕೆಲಸವನ್ನು ಈಗ ಬಹುಮಟ್ಟಿಗೆ ಗೃಹೋದ್ಯಮಗಳು, ಮಹಿಳಾ ಸ್ವಸಹಾಯ ಸಂಘಗಳು ವಹಿಸಿಕೊಂಡಿವೆ.