ರಂಗನತಿಟ್ಟಿಗೆ ಹೊರಡುವ ಮುಂಚೆ ಒಂದು ಒಡ್ಡಿನ ಕತೆ

ಊರಿನ ಮಕ್ಕಳನ್ನು ಕರೆದುಕೊಂಡು ರಂಗನತಿಟ್ಟಿಗೆ ಹೋಗಿಬರೋಣ ಅಂತ ಮನೆಯಲ್ಲಿ ಮಾತಾಡುತ್ತಿದ್ದೆವು. ಜಗುಲಿ ಮೇಲೆ ಕೂತಿದ್ದ ಚಿಕ್ಕಪ್ಪ ಅಲ್ಲಿಂದಲೇ ಕೇಳಿದರು: "ಅಲ್ರಲಾ, ಹಕ್ಕಿ ನೋಡಕ್ಕೆ ದುಡ್ಡು ಕೊಟ್ಟು ಅಲ್ಗಂಟ ಹೋಗ್ಬೇಕಾ? ನಮ್ ಗದ್ದೇಗೇ ಬತ್ತವಲ್ಲ!"

ಎಲ್ಲರೂ ನಕ್ಕೆವು. ಆದರೆ ರಂಗನತಿಟ್ಟಿನ ಬಗ್ಗೆ ಓದುತ್ತಾ ಹೋದ ಹಾಗೆ, ಅದರ ಇತಿಹಾಸದ ಅರ್ಧ ಭಾಗ ಚಿಕ್ಕಪ್ಪನ ಆ ಮಾತಿನಲ್ಲೇ ಇದೆ ಅನ್ನಿಸಿತು. ನೀವೂ ಹೋಗುವ ಯೋಚನೆಯಲ್ಲಿದ್ದರೆ, ಬಸ್ಸು ಹತ್ತುವ ಮುಂಚೆ ಈ ಕತೆ ಓದಿಕೊಳ್ಳಿ.

ಊರಿನ ಕೆರೆ ಅಚ್ಚುಕಟ್ಟಿನಷ್ಟು ಜಾಗ

ರಂಗನತಿಟ್ಟು ಇರುವುದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಕಾವೇರಿ ನದಿಯ ನಡುವೆ. 'ಪಕ್ಷಿಕಾಶಿ' ಅಂತ ದೊಡ್ಡ ಹೆಸರಿದ್ದರೂ ಪಕ್ಷಿಧಾಮದ ವಿಸ್ತೀರ್ಣ 67 ಹೆಕ್ಟೇರ್, ಅಂದರೆ ಸುಮಾರು 165 ಎಕರೆ ಮಾತ್ರ. ಒಂದು ಸಾಧಾರಣ ಕೆರೆಯ ಅಚ್ಚುಕಟ್ಟು ಇಷ್ಟಿರುತ್ತದೆ. ಅದರಲ್ಲೂ ಬಹುಪಾಲು ನೀರೇ. ಆ ನೀರಿನ ನಡುವೆ ಚಿಕ್ಕ ಚಿಕ್ಕ ನಡುಗಡ್ಡೆಗಳು, ಅವುಗಳ ತುಂಬ ಮರ ಮತ್ತು ಬಿದಿರು.

ತಿಟ್ಟು ಅಂದರೆ ಏನೆಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸುತ್ತಲಿನ ನೆಲಕ್ಕಿಂತ ಎತ್ತರಕ್ಕಿರುವ ಜಾಗ. ಶ್ರೀರಂಗಪಟ್ಟಣದ ರಂಗನಾಥನ ಹೆಸರು ಸೇರಿ ಅದು ರಂಗನತಿಟ್ಟಾಯಿತು.

ಒಡ್ಡು ಕಟ್ಟಿದ್ದು ಬೇಸಾಯಕ್ಕೆ

ಈ ನಡುಗಡ್ಡೆಗಳು ಮೊದಲಿಂದಲೂ ಹೀಗೇ ಇದ್ದವು ಅಂದುಕೊಳ್ಳಬೇಡಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡ ಮೇಲೆ ಮೈಸೂರು ಅರಸರ ರಾಜಧಾನಿ ಅಲ್ಲಿಗೆ ಬಂತು. ರಾಜಧಾನಿ ಅಂದ ಮೇಲೆ ಜನ, ದಂಡು, ದೇವಸ್ಥಾನ ಎಲ್ಲಕ್ಕೂ ಅಕ್ಕಿ ಬೇಕು. ಅಕ್ಕಿಗೆ ಗದ್ದೆ ಬೇಕು, ಗದ್ದೆಗೆ ನೀರು ಬೇಕು.

1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿದರು. ಅದು ಬಂಗಾರದೊಡ್ಡಿ ನಾಲೆಯ ಒಡ್ಡು. ಇಂಥ ಒಡ್ಡು ಈಗಿನ ಅಣೆಕಟ್ಟಿನ ಹಾಗೆ ಹೊಳೆಯನ್ನೇ ತಡೆದು ನಿಲ್ಲಿಸುವುದಿಲ್ಲ. ತಗ್ಗಾದ ಕಲ್ಲಿನ ಕಟ್ಟೆ ನೀರನ್ನು ಒಂದಿಷ್ಟು ಎತ್ತರಿಸಿ ಪಕ್ಕದ ನಾಲೆಗೆ ತಿರುಗಿಸುತ್ತದೆ. ಮಿಕ್ಕ ನೀರು ಕಟ್ಟೆಯ ಮೇಲೆ ಹರಿದು ಮುಂದೆ ಹೋಗುತ್ತದೆ. ಬಂಗಾರದೊಡ್ಡಿ ನಾಲೆ ಹೊಳೆಯ ಒಂದು ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ಕಡೆಗೆ ನೀರು ಒಯ್ದಿತು.

ಒಡ್ಡಿನ ಹಿಂದೆ ನೀರು ಹರಡಿಕೊಂಡಿತು. ತಗ್ಗು ಜಾಗ ಮುಳುಗಿತು, ತಿಟ್ಟುಗಳು ಉಳಿದವು. ಸುತ್ತಲೂ ನೀರು, ನೀರಲ್ಲಿ ಮೊಸಳೆ. ನಾಯಿ, ಬೆಕ್ಕು, ಮನುಷ್ಯ ಯಾರೂ ಸುಲಭಕ್ಕೆ ದಾಟಿ ಬರಲಾರರು. ಮೊಟ್ಟೆ ಇಡುವ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಭತ್ತಕ್ಕೆಂದು ಕಟ್ಟಿದ ಒಡ್ಡು ಹಕ್ಕಿಗೆ ಬಾಣಂತಿ ಮನೆ ಕಟ್ಟಿಕೊಟ್ಟಿತು.

1940ರಲ್ಲಿ ಬಂದ ಸಲೀಂ ಅಲಿ

ಮುಂದೆ ಸುಮಾರು ಮುನ್ನೂರು ವರ್ಷ ಈ ಜಾಗಕ್ಕೆ ಯಾವ ಕಾನೂನಿನ ರಕ್ಷಣೆಯೂ ಇರಲಿಲ್ಲ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪಕ್ಷಿತಜ್ಞ ಸಲೀಂ ಅಲಿ ದೇಶದ ಸಂಸ್ಥಾನಗಳನ್ನು ಸುತ್ತಿ ಹಕ್ಕಿಗಳ ಲೆಕ್ಕ ಬರೆಯುತ್ತಿದ್ದರು. ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದಾಗ ಈ ತಿಟ್ಟುಗಳನ್ನು ಕಂಡರು. ಇಷ್ಟು ಹಕ್ಕಿ ಗೂಡು ಕಟ್ಟುವ ಜಾಗವನ್ನು ಕಾಪಾಡಬೇಕೆಂದು ಮೈಸೂರು ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಕಾಡು ಅಂದರೆ ಬೇಟೆ ಅನ್ನುತ್ತಿದ್ದ ಕಾಲ ಅದು. ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದಕ್ಕಿಂತ 32 ವರ್ಷ ಮೊದಲೇ ಇಲ್ಲಿ ಕೊಕ್ಕರೆ ಗೂಡಿಗೆ ಸರ್ಕಾರದ ರಕ್ಷಣೆ ಸಿಕ್ಕಿತ್ತು.

ಮೇಲೆ ಕನ್ನಂಬಾಡಿ, ಕೆಳಗೆ ಗೂಡು

ಪಕ್ಷಿಧಾಮ ಆಗುವ ಹೊತ್ತಿಗೆ ಹೊಳೆಯ ಮೇಲ್ಭಾಗದಲ್ಲಿ ಕನ್ನಂಬಾಡಿ ಕಟ್ಟೆ ಎದ್ದು ನಿಂತಿತ್ತು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕೆಲಸ 1930ರ ದಶಕದ ಆರಂಭದಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ರಂಗನತಿಟ್ಟಿನ ನೀರು ಕನ್ನಂಬಾಡಿಯ ಗೇಟಿನ ಲೆಕ್ಕಕ್ಕೆ ಬಿತ್ತು.

ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿದ ಸುದ್ದಿ ಕೇಳಿದರೆ ನಮಗೆಲ್ಲ ಹಿಗ್ಗು. ಆದರೆ ಭಾರೀ ಮಳೆಯ ವರ್ಷ ಒಮ್ಮೆಗೇ ಹೆಚ್ಚು ನೀರು ಬಿಟ್ಟರೆ ತಿಟ್ಟುಗಳು ಮುಳುಗುತ್ತವೆ, ಅಂಚಿನ ಮಣ್ಣು ಕೊಚ್ಚಿಹೋಗುತ್ತದೆ, ಕೆಳಗಿನ ಕೊಂಬೆಯ ಗೂಡುಗಳು ಹೋಗುತ್ತವೆ. ಮಣ್ಣು ಉಳಿಸಲು ಅರಣ್ಯ ಇಲಾಖೆ ಮರಳಿನ ಚೀಲ ಜೋಡಿಸುವ ಕೆಲಸ ಮಾಡಿದೆ. ಬರ ಬಂದರೆ ಬೇರೆ ಕಷ್ಟ. ನೀರು ಇಳಿದರೆ ದಡದ ನಾಯಿಗೆ ದಾರಿ ಸಿಗುತ್ತದೆ.

ಊಟ ಎಲ್ಲಿ?

ಈಗ ಚಿಕ್ಕಪ್ಪನ ಮಾತಿಗೆ ಬರೋಣ. 165 ಎಕರೆಯಲ್ಲಿ ಸಾವಿರಾರು ಹಕ್ಕಿ ಮತ್ತು ಅವುಗಳ ಮರಿಗಳಿಗೆ ಹೊಟ್ಟೆ ತುಂಬುವುದಿಲ್ಲ. ಬಣ್ಣದ ಕೊಕ್ಕರೆಗೆ ಮೀನು ಹಿಡಿಯಲು ತೆಳುನೀರಿನ ಕೆರೆಯಂಗಳ ಬೇಕು. ಬಾಯ್ಕಳಕ ಕೊಕ್ಕರೆಯ ಎರಡು ಕೊಕ್ಕಿನ ನಡುವೆ ಒಂದು ಸಂದು ಇರುತ್ತದೆ. ಅದು ಗದ್ದೆಯಲ್ಲಿ ಬಸವನಹುಳು ಹುಡುಕಿ ತಿನ್ನುತ್ತದೆ. ಬಿಳಿ ಕೆಂಬರಲು ಉತ್ತ ಗದ್ದೆಯಲ್ಲಿ ಹುಳ ಹೆಕ್ಕುತ್ತದೆ. ಗೂಡು ರಂಗನತಿಟ್ಟಿನಲ್ಲಿ, ಊಟ ಸುತ್ತಲಿನ ಹಳ್ಳಿಗಳಲ್ಲಿ.

2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು. ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ಮನ್ನಣೆ ಅದು. ಆಗ ಗುರುತಿಸಿದ ವಿಸ್ತೀರ್ಣ 517.70 ಹೆಕ್ಟೇರ್. ಪಕ್ಷಿಧಾಮದ ಬೇಲಿಯೊಳಗಿನ ಜಾಗದ ಏಳು ಪಟ್ಟಿಗೂ ಹೆಚ್ಚು. ಅಷ್ಟಾದರೂ ಕೊಕ್ಕರೆ ಮೇಯಲು ಹೋಗುವ ಎಲ್ಲ ಕೆರೆ, ಗದ್ದೆ ಅದರೊಳಗೆ ಬರುವುದಿಲ್ಲ. ಅವು ನಮ್ಮ ನಿಮ್ಮ ಕೈಯಲ್ಲೇ ಇವೆ. ಕೆರೆಗೆ ಕಸ ಸುರಿದರೆ, ಗದ್ದೆಗೆ ಮಿತಿಮೀರಿ ಔಷಧಿ ಹೊಡೆದರೆ ಅದರ ಫಲ ದೂರದ ಗೂಡಿನ ಮರಿಗೂ ಮುಟ್ಟುತ್ತದೆ.

ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ನಡುಗಡ್ಡೆಯೂ ಇಲ್ಲ, ಮೊಸಳೆ ಕಾವಲೂ ಇಲ್ಲ. ಹೆಜ್ಜಾರ್ಲೆಗಳು ಮನೆಪಕ್ಕದ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಊರಿನವರೇ ಕಾವಲು. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು.

ಹೋಗುವವರಿಗೆ ನಾಲ್ಕು ಮಾತು

ಮಳೆಗಾಲದಲ್ಲಿ ಹೊಳೆ ತುಂಬಿದಾಗ ದೋಣಿ ನಿಲ್ಲಿಸುತ್ತಾರೆ. ಹಾಗಾಗಿ ಹೊರಡುವ ಮುಂಚೆ ಕನ್ನಂಬಾಡಿಯಿಂದ ಎಷ್ಟು ನೀರು ಬಿಡುತ್ತಿದ್ದಾರೆ ನೋಡಿಕೊಳ್ಳಿ. ಚಳಿಗಾಲದಿಂದ ಬೇಸಿಗೆವರೆಗೆ ಹೋಗುವುದು ವಾಸಿ. ಬೆಳಗಿನ ಹೊತ್ತು ಅಥವಾ ಬಿಸಿಲು ಇಳಿದ ಮೇಲೆ ಹಕ್ಕಿಗಳ ಓಡಾಟ ಹೆಚ್ಚು. ಶ್ರೀರಂಗಪಟ್ಟಣದವರೆಗೆ ಬಸ್ಸು, ರೈಲು ಎರಡೂ ಇವೆ. ಅಲ್ಲಿಂದ ಆಟೋದಲ್ಲಿ ಸ್ವಲ್ಪವೇ ದೂರ.

ದೋಣಿಯಲ್ಲಿ ಕೂಗಾಡಬೇಡಿ, ಮೊಬೈಲಿನ ಸದ್ದು ತೆಗೆಯಿರಿ. ಹೆದರಿ ಗೂಡು ಬಿಟ್ಟು ಎದ್ದ ತಾಯಿಹಕ್ಕಿಯ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಮಕ್ಕಳು ನೀರಿಗೆ ಕೈಯಾಡಿಸದ ಹಾಗೆ ನೋಡಿಕೊಳ್ಳಿ. ಬಂಡೆ ಮೇಲೆ ಬಾಯಿ ತೆರೆದು ಮಲಗಿರುವುದು ಗೊಂಬೆಯಲ್ಲ, ನಿಜವಾದ ಮೊಸಳೆ.

ನಾವು ಹೋಗುವಾಗ ಚಿಕ್ಕಪ್ಪನನ್ನೂ ಎಳೆದುಕೊಂಡು ಹೋಗಬೇಕು ಅಂತಿದ್ದೇವೆ. ದಿನಾ ತಮ್ಮ ಗದ್ದೆಗೆ ಬರುವ ನೆಂಟರು ಸಂಜೆ ಎಲ್ಲಿಗೆ ವಾಪಸ್ ಹೋಗುತ್ತಾರೆ ಅಂತ ಅವರೂ ಒಮ್ಮೆ ನೋಡಲಿ.